ಕೊರವ ಮೀನಿಗೊಂದು ಗಾಜಿನ ಕಡ್ಡಿ

ಕೊರವ ಮೀನಿಗೆ ನೀರಷ್ಟೇ ಸಾಲಲ್ಲ, ಗಾಳಿಯೂ ಬೇಕು. ಕಿವಿರಿನ ಮೇಲ್ಭಾಗದಲ್ಲಿ ಗಾಳಿ ಹಿಡಿದಿಟ್ಟುಕೊಳ್ಳುವ ಒಂದು ಅಂಗ ಇದೆ ಇದಕ್ಕೆ. ಹಾಗಾಗಿ ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದುಕೊಂಡು ಹೋಗಲೇಬೇಕು. ಬೆಳಗಿನ ಹೊತ್ತು ಕೆರೆ ಏರಿ ಮೇಲೆ ಸುಮ್ಮನೆ ಕೂತರೆ ಜೊಂಡಿನ ಪಕ್ಕದಲ್ಲಿ 'ಗ್ಲಕ್' ಅಂತ ಒಂದು ಸದ್ದು, ಒಂದು ಸಣ್ಣ ಸುಳಿ. ಅಷ್ಟೇ. ಅಲ್ಲಿ ಕೊರವ ಇದೆ ಅಂತ ಅರ್ಥ. ಆಂಧ್ರದ ಗಡಿ ಕಡೆ ಹೋದರೆ ಇದೇ ಕೊರಮೀನು, ಇಂಗ್ಲಿಷಿನವರಿಗೆ ಮರಲ್ ಅಥವಾ ಸ್ನೇಕ್‌ಹೆಡ್. ಹಾವಿನಂಥ ತಲೆ, ಬಾಯಿ ತುಂಬ ಹಲ್ಲು, ಕಪ್ಪೆ ಕಂಡರೆ ಬಾಂಬಿನ ಹಾಗೆ ಸಿಡಿದು ಬೀಳುವ ಸ್ವಭಾವ.

ಗಾಳಿ ಕುಡಿಯುವ ಈ ಅಭ್ಯಾಸವೇ ನಮ್ಮ ಸೀಮೆಯಲ್ಲಿ ಕೊರವನನ್ನು ಉಳಿಸಿದೆ. ನಮ್ಮದು ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿ. ಮೊಳಕಾಲ್ಮೂರು, ಚಳ್ಳಕೆರೆ ಎರಡೂ ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಬರುತ್ತವೆ. ಶೇಂಗಾ ಬಿತ್ತಿ ಆಕಾಶ ನೋಡುವ ಊರುಗಳು. ಕೆರೆಗಳು ಬತ್ತಿ ಕೆಸರಾದಾಗ ಬೇರೆ ಮೀನು ಸತ್ತರೂ, ತೇವ ಇರುವ ತನಕ ಕೊರವ ಆ ಕೆಸರಿನೊಳಗೇ ಜೀವ ಹಿಡಿದುಕೊಂಡಿರುತ್ತೆ. 2022ರಲ್ಲಿ ಮಳೆ ಸುರಿಯಿತಲ್ಲ, ಮಾರಿಕಣಿವೆ 1933ರ ನಂತರ ಮೊದಲ ಸಲ, ಅಂದರೆ 89 ವರ್ಷಕ್ಕೆ, ಕೋಡಿ ಬಿದ್ದ ವರ್ಷ. ಪಕ್ಕದ ಚಳ್ಳಕೆರೆ ಕಡೆ ವೇದಾವತಿ ತುಂಬಿ ಹರಿಯಿತು, ನಮ್ಮ ಸುತ್ತಲಿನ ಕೆರೆಗಳಿಗೂ ನೀರು ಬಂತು. ಹಳ್ಳಿಗಳಲ್ಲಿ ಗಾಳದ ಕಡ್ಡಿಗಳು ಅಟ್ಟದಿಂದ ಕೆಳಗಿಳಿದವು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಎರಡು ವಾರಕ್ಕೊಮ್ಮೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಉದ್ದನೆ ಪಿವಿಸಿ ಪೈಪು ಇರುತ್ತೆ. ಬಸ್ಸಿನಲ್ಲಿ ಪಕ್ಕದವರು "ಏನ್ರೀ ಅದು, ನೀರಾವರಿ ಸಾಮಾನಾ?" ಅಂತ ಕೇಳಿದ್ದಾರೆ. ಅದರೊಳಗಿರೋದು ಫೈಬರ್‌ಗ್ಲಾಸ್ ಫ್ಲೈ ರಾಡ್. ಅದನ್ನು ಯಾಕೆ ಆರಿಸಿದೆ ಅಂತ ಹೇಳೋಕೇ ಇದನ್ನು ಬರೆಯುತ್ತಿರೋದು. ಈ ಹುಚ್ಚು ಹತ್ತಿಸಿಕೊಂಡ ಯಾರೇ ಆದರೂ ಯೂಟ್ಯೂಬ್ ನೋಡಿದರೆ ಕಾರ್ಬನ್ ರಾಡ್ ತಗೊಳ್ಳಿ ಅಂತಲೇ ಕೇಳಿಸಿಕೊಳ್ಳುತ್ತಾರೆ. ನಮ್ಮ ಕೆರೆಗಳಿಗೆ ಆ ಮಾತು ಪೂರ್ತಿ ಹೊಂದಲ್ಲ.

ಮೊದಲು, ಫ್ಲೈ ರಾಡ್ ಅಂದರೇನು ಅನ್ನೋರಿಗೆ ಎರಡು ಮಾತು. ಮಾಮೂಲಿ ರೀಲಿನ ಗಾಳದಲ್ಲಿ ಮುಂದೆ ಕಟ್ಟಿದ ತೂಕ ಹಾರುತ್ತೆ, ದಾರ ಅದರ ಹಿಂದೆ ಹೋಗುತ್ತೆ. ಫ್ಲೈ ರಾಡಿನಲ್ಲಿ ಇದು ತಿರುವುಮುರುವು. ಮುಂದೆ ಕಟ್ಟಿದ್ದು ಗರಿ, ಕೂದಲಿನಿಂದ ಮಾಡಿದ ಹಗುರ ವಸ್ತು. ತೂಕ ಇರೋದು ದಾರಕ್ಕೇ. ಆ ದಪ್ಪ ದಾರವನ್ನು ಹಿಂದಕ್ಕೆ ಮುಂದಕ್ಕೆ ಬೀಸಿದಾಗ ಕಡ್ಡಿ ಬಾಗುತ್ತೆ, ನೆಟ್ಟಗಾಗುವಾಗ ದಾರವನ್ನು ಎಸೆಯುತ್ತೆ, ಗರಿಯ ಕಪ್ಪೆ ಅದರ ಬಾಲ ಹಿಡಿದು ಹೋಗುತ್ತೆ. ಎತ್ತಿನ ಗಾಡಿ ಹೊಡೆದವರಿಗೆ ಬಾರುಕೋಲು ಗೊತ್ತಲ್ಲ, ಹೆಚ್ಚೂಕಮ್ಮಿ ಅದೇ. ಕೋಲು ಬಾಗಬೇಕು, ಬಾರಿಗೆ ತೂಕ ಇರಬೇಕು, ಬೀಸುವ ಕೈಗೆ ತಾಳ್ಮೆ ಇರಬೇಕು.

ದಾರದ ತೂಕಕ್ಕೆ 1961ರಲ್ಲಿ ಅಮೆರಿಕದ ತಯಾರಕರು ಒಂದು ಅಳತೆ ಮಾಡಿದರು. ಮೊದಲ 30 ಅಡಿ ದಾರದ ತೂಕ ಎಷ್ಟೋ ಅದರ ಮೇಲೆ ನಂಬರ್. 5ನೇ ನಂಬರ್ ಅಂದರೆ ಸುಮಾರು 9 ಗ್ರಾಂ, 8ನೇ ನಂಬರ್ ಅಂದರೆ ಸುಮಾರು 13.6 ಗ್ರಾಂ. ರಾಡಿನ ಮೇಲೂ ಅದೇ ನಂಬರ್ ಬರೆದಿರುತ್ತಾರೆ. ಕೊರವನಿಗೆ 8 ಸರಿ ಅಂತ ನನ್ನ ಲೆಕ್ಕ. ಕೈಗಾತ್ರದ ಕಪ್ಪೆಯನ್ನು 5ನೇ ನಂಬರ್ ದಾರ ಹೊತ್ತುಕೊಂಡು ಹೋಗಲ್ಲ. ಇನ್ನೊಂದು ಕಾರಣ, ನಮ್ಮ ಕೆರೆಯೊಳಗೆ ಮುಳುಗಿರುವ ಬಳ್ಳಾರಿ ಜಾಲಿ. ಕೆರೆ ವರ್ಷಾನುಗಟ್ಟಲೆ ಒಣಗಿದ್ದಾಗ ಅಂಗಳದ ತುಂಬ ಬೆಳೆದ ಜಾಲಿ ಈಗ ನೀರಿನ ಕೆಳಗೆ ಮುಳ್ಳಿನ ಕಾಡಾಗಿ ನಿಂತಿದೆ. ಕಚ್ಚಿದ ಮೀನನ್ನು ಮೊದಲ ಎರಡು ಸೆಕೆಂಡಿನಲ್ಲಿ ತಡೆದು ನಿಲ್ಲಿಸದಿದ್ದರೆ ಅದು ಜಾಲಿಯೊಳಗೆ ನುಗ್ಗುತ್ತೆ. ಆಮೇಲೆ ದಾರ ಕತ್ತರಿಸೋದು ಒಂದೇ ದಾರಿ.

ಇಲ್ಲಿ ನಮ್ಮ ಸೋದರಮಾವನ ವಿಷಯ ಹೇಳಲೇಬೇಕು. ನನಗೆ ಗಾಳ ಹಾಕೋದು ಕಲಿಸಿದ್ದೇ ಅವರು. ಬಿದಿರು ಕಡ್ಡಿ, ನೈಲಾನ್ ದಾರ, ಬೆಂಡಿನ ತುಂಡು, ಎರೆಹುಳು ಅಥವಾ ಸಣ್ಣ ಕಪ್ಪೆ. ಅದರಲ್ಲೇ ಅವರು ಕೊರವ ಎಳೆದು ದಡಕ್ಕೆ ಎಸೆಯುತ್ತಿದ್ದರು. ಮೂರು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ನಡೆದಾಡ್ತಾರೆ, ಮಾತು ಸರಿಯಾಗಿದೆ, ಬಲಗೈ ಮಾತ್ರ ಮೊದಲಿನ ಹಾಗಿಲ್ಲ. ಹಿಡಿಯುತ್ತೆ, ಆದರೆ ಝಾಡಿಸೋಕೆ ಆಗಲ್ಲ. ಕೊರವ ಕಚ್ಚಿದಾಗ ಬಿದಿರು ಕಡ್ಡಿಯನ್ನು ಜೋರಾಗಿ ಮೇಲಕ್ಕೆ ಎಳೆಯಬೇಕಲ್ಲ, ಅದು ಆಗದೆ ಅವರು ಕೆರೆ ಕಡೆ ಹೋಗೋದನ್ನೇ ಬಿಟ್ಟರು. ನಾನು ಹೋಗುವಾಗ "ನೀನು ಹೋಗಿ ಬಾ ಅಳಿಯ" ಅಂತ ಕಟ್ಟೆ ಮೇಲೆ ಕೂತಿರುತ್ತಿದ್ದರು. ವಾಪಸ್ ಬಂದರೆ ಎಲ್ಲಿ ಸಿಕ್ತು, ಯಾವ ಕಡೆ ಗಾಳಿ ಇತ್ತು, ಏನು ಹಾಕಿದ್ದೆ ಅಂತ ಒಂದೊಂದೇ ಕೇಳೋರು.

ಫ್ಲೈ ರಾಡಿಗೆ ಒಂದು ಕೈಯಷ್ಟೇ ಬೀಸುವ ಕೆಲಸ. ಇನ್ನೊಂದು ಕೈ ದಾರವನ್ನು ಸ್ವಲ್ಪ ಸ್ವಲ್ಪವೇ ಎಳೆದರೆ ಸಾಕು. ಮೀನು ಕಚ್ಚಿದಾಗಲೂ ಕಡ್ಡಿ ಎತ್ತೋದಲ್ಲ, ದಾರ ಎಳೆಯೋದು. ಇದು ನನ್ನ ತಲೆಗೆ ಬಂದ ದಿನದಿಂದ ರಾಡ್ ಆಯ್ಕೆಯ ಪ್ರಶ್ನೆ ಬದಲಾಯಿತು. ನನಗೆ ಯಾವುದು ಚೆನ್ನ ಅನ್ನೋದರ ಜೊತೆಗೆ, 61 ವರ್ಷದ ಎಡಗೈ ಹೊಸದಾಗಿ ಕಲಿಯೋಕೆ ಯಾವುದು ಆಗುತ್ತೆ ಅನ್ನೋದೂ ಸೇರಿಕೊಂಡಿತು.

ಬೆಂಗಳೂರಿನ ಗೆಳೆಯನೊಬ್ಬನ ಹತ್ತಿರ ಎರಡೂ ಥರದ್ದಿತ್ತು. 9 ಅಡಿಯ ಕಾರ್ಬನ್, 8 ಅಡಿಯ ಗ್ಲಾಸ್, ಎರಡೂ 8ನೇ ನಂಬರ್. ಎರಡನ್ನೂ ಎರವಲು ತಂದು ಊರಿನ ಬಯಲಿನಲ್ಲಿ ಟೇಪು ಹಿಡಿದು ಅಳೆಯುತ್ತಾ ಬೀಸಿ ನೋಡಿದೆವು. ಕೊಕ್ಕೆ ಇಲ್ಲ, ತುದಿಗೆ ಬರೀ ಒಂದು ತುಂಡು ಉಣ್ಣೆ.

60 ಅಡಿಗೆ ಕಾರ್ಬನ್ನೇ ರಾಜ. ಅದರಲ್ಲಿ ವಾದ ಇಲ್ಲ. ಸರಕ್ಕನೆ ಹೋಗುತ್ತೆ, ಕೈಗೆ ಹಗುರ. ಆದರೆ ಕೊರವನಿಗೆ 60 ಅಡಿ ಯಾರಿಗೆ ಬೇಕು? ಅದು ಇರೋದು ದಡದ ಜೊಂಡಿನಲ್ಲಿ, ತಾವರೆ ಎಲೆಯ ಅಂಚಿನಲ್ಲಿ. ನಾನು ರೀಲಿನ ಗಾಳದಲ್ಲಿ ಹಿಡಿದದ್ದೆಲ್ಲ ಬಹುತೇಕ 40 ಅಡಿಯ ಒಳಗೆ. ಆ ದೂರಕ್ಕೆ ಕಾರ್ಬನ್ ರಾಡ್ ಸರಿಯಾಗಿ ಬಾಗೋದೇ ಇಲ್ಲ. 25 ಅಡಿ ದಾರ ಹೊರಗಿದ್ದಾಗ ಪೊರಕೆ ಕಡ್ಡಿ ಬೀಸಿದ ಹಾಗೆ, ಎಲ್ಲ ಕೆಲಸ ಕೈಯೇ ಮಾಡಬೇಕು. ಗ್ಲಾಸ್ ರಾಡ್ ಅಷ್ಟೇ ದಾರಕ್ಕೆ ತುದಿಯಿಂದ ಹಿಡಿಯ ತನಕ ಬಾಗುತ್ತೆ. ದಾರ ಹಿಂದೆ ಪೂರ್ತಿ ಬಿಚ್ಚಿಕೊಂಡಾಗ ಅಂಗೈಯಲ್ಲಿ ಒಂದು ಎಳೆತ ಬರುತ್ತೆ. ಆಗ ಮುಂದಕ್ಕೆ ತಳ್ಳಿದರೆ ಸಾಕು.

ಮಾವ ಮೊದಲು ಕಾರ್ಬನ್ ಹಿಡಿದರು. ನಾಲ್ಕು ಸಲ ಬೀಸಿ, ದಾರ ತಲೆ ಮೇಲೆ ಸುತ್ತಿಕೊಂಡು, "ಇದು ಬಲು ಅವಸರದ್ದು ಕಣಪ್ಪ, ನನಗೆ ಸಿಗಂಗಿಲ್ಲ" ಅಂದರು. ಗ್ಲಾಸ್ ಕೊಟ್ಟೆ. ಎಡಗೈಯಲ್ಲಿ ಹಿಂದಕ್ಕೆ ಬೀಸಿದರು, ಕಾದರು, ಮುಂದಕ್ಕೆ ಬಿಟ್ಟರು. ದಾರ ನೆಟ್ಟಗೆ ಹೋಗಿ ಬಿತ್ತು. ಟೇಪಿನಲ್ಲಿ 28 ಅಡಿ. ಇನ್ನೊಂದು ಸಲ ಬೀಸಿದರು. ಆಮೇಲೆ ಕಡ್ಡಿಯನ್ನು ಮೇಲೆ ಕೆಳಗೆ ನೋಡಿ, "ಲೇ, ಇದು ಬಿದಿರು ಇದ್ದಂಗೇ ಐತಲ್ಲೋ" ಅಂದರು.

ಅವರು ಹೇಳಿದ್ದರಲ್ಲಿ ಇತಿಹಾಸವೂ ಇದೆ. ಫ್ಲೈ ರಾಡುಗಳು ಮೊದಲು ಬಿದಿರಿನವೇ ಆಗಿದ್ದವು. ದಕ್ಷಿಣ ಚೀನಾದ ಟೊಂಕಿನ್ ಬಿದಿರನ್ನು ಆರು ಸೀಳು ಮಾಡಿ, ಅಂಟಿಸಿ ಮಾಡುತ್ತಿದ್ದರು. 1940ರ ದಶಕದಲ್ಲಿ ಅಮೆರಿಕದ ಆರ್ಥರ್ ಹೊವಾಲ್ಡ್ ಗಾಜಿನ ಎಳೆ, ರಾಳ ಸೇರಿಸಿ ರಾಡ್ ಮಾಡಿದರು, ಶೇಕ್ಸ್‌ಪಿಯರ್ ಕಂಪನಿ ಅದನ್ನು 'ವಂಡರಾಡ್' ಅಂತ ಮಾರಿತು. 1950ರಲ್ಲಿ ಅಮೆರಿಕ ಚೀನಾದ ಜೊತೆ ವ್ಯಾಪಾರ ನಿಲ್ಲಿಸಿದಾಗ ಬಿದಿರು ಬರೋದೇ ನಿಂತಿತು, ಗ್ಲಾಸಿಗೆ ರಾಜಯೋಗ ಬಂತು. 1973ರಲ್ಲಿ ಫೆನ್‌ವಿಕ್ ಕಂಪನಿ ಕಾರ್ಬನ್ ರಾಡ್ ತಂದ ಮೇಲೆ ಗ್ಲಾಸ್ ಹಿಂದೆ ಸರಿಯಿತು. ಈಗ ಮತ್ತೆ ಕೆಲವು ಕಂಪನಿಗಳು ಒಳ್ಳೆ ಗ್ಲಾಸ್ ರಾಡ್ ಮಾಡುತ್ತಿವೆ, ದೊಡ್ಡ ಮೀನಿಗೆ ಅಂತಲೇ ದಪ್ಪ ನಂಬರಿನವೂ ಇವೆ.

ಇಂಜಿನಿಯರಿಂಗ್ ಓದಿದ್ದಕ್ಕೆ ಒಂದು ಸಣ್ಣ ಪಾಠ, ಸಹಿಸಿಕೊಳ್ಳಿ. ಕಾರ್ಬನ್ ಎಳೆ ಗಾಜಿನ ಎಳೆಗಿಂತ ಸುಮಾರು ಮೂರು ಪಟ್ಟು ಬಿಗಿ, ತೂಕದಲ್ಲೂ ಕಡಿಮೆ. ಅದಕ್ಕೇ ತೆಳ್ಳಗೆ, ಹಗುರವಾಗಿ, ಚುರುಕಾಗಿ ರಾಡ್ ಮಾಡಬಹುದು. ಆದರೆ ಹಿಗ್ಗುವ ಗುಣ ನೋಡಿ. ಮುರಿಯುವ ಮೊದಲು ಗಾಜಿನ ಎಳೆ ಶೇ 4ಕ್ಕೂ ಹೆಚ್ಚು ಹಿಗ್ಗುತ್ತೆ, ಸಾಮಾನ್ಯ ಕಾರ್ಬನ್ ಎಳೆ ಶೇ 2ರ ಒಳಗೇ ಕೈ ಎತ್ತುತ್ತೆ. ತೆಳು ಗೋಡೆಯ ಕಾರ್ಬನ್ ಕೊಳವೆಗೆ ಒಂದು ಸಣ್ಣ ಗೀರು ಬಿದ್ದರೂ ಮುಂದೊಂದು ದಿನ ಮೀನು ಎಳೆಯುವಾಗ ಅಲ್ಲೇ ಪಟಾರ್ ಅನ್ನಬಹುದು. ಹೊಸಬರು ಬೀಸುವಾಗ ಭಾರದ ಕಪ್ಪೆ ಕಡ್ಡಿಗೇ ಬಡಿಯೋದು ಮಾಮೂಲು. ಬಸ್ಸಿನ ಮೇಲೆ, ಬೈಕಿನ ಹಿಂದೆ, ಜಾಲಿ ಮುಳ್ಳಿನ ನಡುವೆ ಓಡಾಡುವ ಕಡ್ಡಿಗೆ ಹಿಗ್ಗುವ ಗುಣವೇ ಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಕರೆಂಟು. ನಮ್ಮ ಕಡೆ ಕೆರೆ ಏರಿ, ಹೊಲದ ಬದು ಎಲ್ಲೆಲ್ಲೂ ಪಂಪ್‌ಸೆಟ್ಟಿನ ತಂತಿಗಳು, ಕೆಲವು ಕಡೆ ಜೋತು ಬಿದ್ದಿರುತ್ತವೆ. ಕಾರ್ಬನ್ ವಿದ್ಯುತ್ ಹರಿಸುವ ವಸ್ತು. 9 ಅಡಿ ಕಾರ್ಬನ್ ಕಡ್ಡಿ ತಲೆ ಮೇಲೆ ಎತ್ತಿ ಬೀಸುವುದು ಅಂದರೆ ಕೈಯಲ್ಲಿ ಒಂದು ವೈರು ಹಿಡಿದ ಹಾಗೆ. ಹೈ ಟೆನ್ಷನ್ ತಂತಿಯಾದರೆ ಮುಟ್ಟಬೇಕಾಗಿಯೂ ಇಲ್ಲ, ಹತ್ತಿರ ಹೋದರೆ ಸಾಕು. ಗ್ಲಾಸ್ ವಿದ್ಯುತ್ ಹರಿಸಲ್ಲ. ಹಾಗಂತ ತಂತಿ ಕೆಳಗೆ ನಿಂತು ಬೀಸಬೇಡಿ ಮತ್ತೆ. ಒದ್ದೆಯಾದ ಕಡ್ಡಿ, ಒದ್ದೆಯಾದ ದಾರ, ರೀಲಿನ ಲೋಹ ಇವೆಲ್ಲ ಇದ್ದೇ ಇರುತ್ತವೆ. ಯಾವ ಕಡ್ಡಿಯಾದರೂ ನಿಲ್ಲುವ ಜಾಗದಲ್ಲಿ ಮೊದಲು ತಲೆ ಎತ್ತಿ ನೋಡಿ.

ಗ್ಲಾಸಿನ ದೋಷಗಳನ್ನೂ ಹೇಳಬೇಕು. ಒಂದು, ಭಾರ. ಅದೇ ನಂಬರಿನ ಕಾರ್ಬನ್ನಿಗಿಂತ ಕೈಗೆ ಸ್ಪಷ್ಟವಾಗಿ ಹೆಚ್ಚು ತೂಕ, ಅದರಲ್ಲೂ ತುದಿಯ ಕಡೆ. ಇಡೀ ದಿನ ಬೀಸಿದರೆ ಭುಜ ಮಾತಾಡುತ್ತೆ. ನಾವು ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಅಷ್ಟೇ. ಎರಡನೆಯದು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲವಲ್ಲ. ಆಷಾಢದ ಗಾಳಿಗೆ ನಿಧಾನದ ಕಡ್ಡಿ ಸೋಲುತ್ತೆ, ಕಪ್ಪೆ ನಿಮ್ಮ ಕಿವಿಗೇ ಬಂದು ಸಿಕ್ಕಿಕೊಳ್ಳುತ್ತೆ. ಟೋಪಿ, ಕನ್ನಡಕ ಇಲ್ಲದೆ ಬೀಸಬೇಡಿ. ತುಂಗಭದ್ರಾ ಹಿನ್ನೀರಿನಂಥ ವಿಶಾಲ ನೀರಿನಲ್ಲಿ ದೂರಕ್ಕೆ ಎಸೆಯಬೇಕಿದ್ದರೆ ಕಾರ್ಬನ್ನೇ ತಗೊಳ್ಳಿ, ನಾನು ಬೇಡ ಅನ್ನಲ್ಲ.

ಮೆತ್ತನೆ ಕಡ್ಡಿಯಲ್ಲಿ ಕೊರವನ ಗಟ್ಟಿ ಬಾಯಿಗೆ ಕೊಕ್ಕೆ ನಾಟಲ್ಲ ಅನ್ನೋದು ಎಲ್ಲರೂ ಹೇಳುವ ಆಕ್ಷೇಪ. ಕಡ್ಡಿ ಮೇಲಕ್ಕೆತ್ತಿ ನಾಟಿಸಲು ಹೋದರೆ ನಿಜ. ಕಡ್ಡಿಯನ್ನು ನೀರಿನ ಕಡೆಗೇ ನೆಟ್ಟಗೆ ಇಟ್ಟು, ಇನ್ನೊಂದು ಕೈಯಲ್ಲಿ ದಾರವನ್ನು ಬಿಗಿಯಾಗಿ ಹಿಂದಕ್ಕೆ ಎಳೆದರೆ ಕಡ್ಡಿಯ ಮೆತುವು ಆಟಕ್ಕೇ ಬರಲ್ಲ. ನಾಟಿದ ಮೇಲೆ ಕಡ್ಡಿಯನ್ನು ಪಕ್ಕಕ್ಕೆ, ತಗ್ಗಿನಲ್ಲಿ ಬಾಗಿಸಿ, ಬುಡದ ಬಲದಲ್ಲಿ ಮೀನನ್ನು ಜಾಲಿಯಿಂದ ದೂರ ತಿರುಗಿಸಬೇಕು. ಹಾಗಾಗಿ ಕೊಳ್ಳುವಾಗ ತುದಿ ಎಷ್ಟು ಬಾಗುತ್ತೆ ಅಂತ ನೋಡಿ ಖುಷಿಪಡಬೇಡಿ. ತುದಿಯನ್ನು ಗೆಳೆಯನ ಕೈಗೆ ಕೊಟ್ಟು, ಹಿಡಿಯ ಮೇಲಿನ ಒಂದೂವರೆ ಅಡಿ ಭಾಗ ಎಷ್ಟು ತಡೆಯುತ್ತೆ ಅಂತ ನಿಧಾನವಾಗಿ ಎಳೆದು ನೋಡಿ. ಹೊಳೆಯ ಸಣ್ಣ ಮೀನಿಗೆ ಮಾಡಿದ ಗ್ಲಾಸ್ ಬುಡದ ತನಕ ಹಗ್ಗದ ಹಾಗೆ ಬಾಗುತ್ತೆ, ಅದು ನಮಗೆ ಉಪಯೋಗವಿಲ್ಲ.

'ಫೈಬರ್' ಅಂತ ಬರೆದದ್ದೆಲ್ಲ ಇದಲ್ಲ ಅನ್ನೋದೂ ನೆನಪಿರಲಿ. ಗಾಳದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಕಡ್ಡಿಗಳಲ್ಲಿ ಹಲವು ಒಳಗೆ ಪೊಳ್ಳಿಲ್ಲದ, ಗಟ್ಟಿ ಗ್ಲಾಸಿನವು. ಮುರಿಯೋದಿಲ್ಲ, ನಿಜ, ಆದರೆ ಫ್ಲೈ ದಾರ ಬೀಸೋಕೆ ಒನಕೆ ಎತ್ತಿದ ಹಾಗಿರುತ್ತೆ. ನಮಗೆ ಬೇಕಿರೋದು ಕೊಳವೆಯ ಹಾಗೆ ಪೊಳ್ಳಾದದ್ದು. ಉದ್ದ ಎಂಟು ಅಡಿಯ ಆಸುಪಾಸು ಸಾಕು. ಗ್ಲಾಸಿಗೆ ಒಂದೊಂದು ಅಡಿ ಹೆಚ್ಚಾದಾಗಲೂ ತುದಿ ಭಾರ ಜೋರಾಗುತ್ತೆ, ಮೇಲಾಗಿ ಹಿಂದೆ ಜಾಲಿ ಗಿಡ ಇರುವ ದಡದಲ್ಲಿ ಗಿಡ್ಡ ಕಡ್ಡಿಯೇ ವಾಸಿ. ನಾನು ಕೊಂಡದ್ದು ನಾಲ್ಕು ತುಂಡಿನದು, ಸೆಕೆಂಡ್ ಹ್ಯಾಂಡ್, ಒಂದು ಮಧ್ಯಮ ದರ್ಜೆಯ ಫೋನಿನ ಬೆಲೆ.

ರಾಡಿಗಿಂತ ದಾರಕ್ಕೆ ತಲೆ ಕೆಡಿಸಿಕೊಳ್ಳಿ ಅಂತಲೂ ಹೇಳುತ್ತೇನೆ. ಚಳಿ ದೇಶಕ್ಕೆ ಮಾಡಿದ ದಾರ ನಮ್ಮ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ, ಅಂಟಂಟಾಗಿ, ರಾಡಿನ ಉಂಗುರಗಳಲ್ಲಿ ಓಡೋದೇ ಇಲ್ಲ. ಬಿಸಿ ನೀರಿಗೆ, ಉಷ್ಣವಲಯಕ್ಕೆ ಅಂತ ಬರೆದದ್ದು ತಗೊಳ್ಳಿ. ಮುಂಭಾಗದಲ್ಲಿ ತೂಕ ಗಿಡ್ಡವಾಗಿ ಸೇರಿಸಿದ್ದಾದರೆ ಗ್ಲಾಸ್ ರಾಡ್ ಎರಡೇ ಬೀಸಿಗೆ ತುಂಬಿಕೊಳ್ಳುತ್ತೆ.

ಕಪ್ಪೆಗಳನ್ನು ಮನೆಯಲ್ಲೇ ಮಾಡುತ್ತೇವೆ. ಇದು ಮಾವನ ಇಲಾಖೆ. ಹಳೆ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿದರೆ ತಲೆ ಆಯಿತು, ತೇಲುತ್ತೆ, ನೀರಿಗೆ ಬಿದ್ದರೆ 'ಪುಳಕ್' ಅನ್ನುತ್ತೆ. ಕಾಲಿಗೆ ನಾಟಿ ಹುಂಜದ ಗರಿ, ಮೈಗೆ ಮೇಕೆ ಕೂದಲು. ಹೊಳಪಿಗೆ ಮಗ್ಗದಲ್ಲಿ ಉಳಿದ ಜರಿ ಎಳೆ. ಮೊಳಕಾಲ್ಮೂರು ರೇಷ್ಮೆ ಸೀರೆಯ ಸೀಮೆಯಲ್ಲಿ ಜರಿಗೇನು ಬರ? ಸೀರೆ ಅಂಚಿಗೆ ಹೋಗಬೇಕಾದದ್ದು ಕಪ್ಪೆ ಬಾಲಕ್ಕೆ ಹೋಗ್ತಿದೆ ಅಂತ ಅಮ್ಮನ ತಕರಾರು. ಕೊಕ್ಕೆಯ ಮುಳ್ಳನ್ನು ಪಕ್ಕಡಿನಲ್ಲಿ ಅಮುಕಿ ಚಪ್ಪಟೆ ಮಾಡುತ್ತೇವೆ, ಬಿಡಿಸೋದು ಸುಲಭ. ಬೆರಳು ಹಾಕಬೇಡಿ, ಹಲ್ಲಿದೆ.

ಅಮ್ಮನ ತಕರಾರು ಜರಿಯಲ್ಲಿಗೆ ಮುಗಿಯಲ್ಲ. ಅವರು ಮೇಷ್ಟ್ರಾಗಿದ್ದವರು. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಪ್ರತಿ ವರ್ಷ ಮಕ್ಕಳನ್ನು ಕರಕೊಂಡು ಹೋಗಿ ತೋರಿಸುತ್ತಿದ್ದರು. "ಪ್ರಾಣಿಗಳ ಮೇಲೆ ದಯೆ ಇರಲಿ ಅಂತ ಆ ಬಂಡೆ ಮೇಲೆ ಬರೆಸಿದಾರೆ, ನೀವಿಬ್ರೂ ಇಲ್ಲಿ ಆಟಕ್ಕೆ ಮೀನಿನ ಬಾಯಿ ಹರೀತೀರ" ಅಂದರು ಒಂದು ದಿನ. ಮಾವ ತಲೆ ಎತ್ತದೆ ಗರಿ ಕಟ್ಟುತ್ತಾ, "ನೆಂಟರ ಜೊತೆ ಚೆನ್ನಾಗಿರ್ರಿ ಅಂತಾನೂ ಅದೇ ಬಂಡೆ ಮ್ಯಾಲೆ ಐತಲ್ಲಕ್ಕಾ" ಅಂದರು. ಐದು ನಿಮಿಷ ಯಾರೂ ಮಾತಾಡಲಿಲ್ಲ. ಮಾವ ಹೇಳಿದ್ದು ಸರಿ, ಅದೂ ಇದೆ. ಆದರೆ ಅಮ್ಮ ಕೇಳಿದ್ದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಮೀನನ್ನು ಸುಸ್ತಾಗುವ ತನಕ ಆಡಿಸದೆ ಬೇಗ ದಡಕ್ಕೆ ತರೋದು, ಸಣ್ಣ ನಂಬರಿನ ಕಡ್ಡಿ ಹಿಡಿದು ಶೋಕಿ ಮಾಡದಿರೋದು, ಇಷ್ಟು ಮಾಡಬಹುದು.

ಹಿಡಿದದ್ದನ್ನು ವಾಪಸ್ ಬಿಡಬೇಕೋ ಬೇಡವೋ ಅನ್ನೋದಂತೂ ನಮ್ಮ ಕೈಯಲ್ಲೇ ಇಲ್ಲ. ಕೆರೆಯ ಮೀನಿನ ಹಕ್ಕು ಗುತ್ತಿಗೆ ಹಿಡಿದವರದ್ದು. ನಾವು ಹೋಗುವ ಕೆರೆಯ ಗುತ್ತಿಗೆದಾರರನ್ನು ಕೇಳಿಯೇ ನೀರಿಗಿಳಿದದ್ದು. ಅವರು ಬಿಟ್ಟಿರೋದು ಕಾಟ್ಲಾ, ರೋಹು ಮರಿ. ಆ ಮರಿಗಳನ್ನು ತಿನ್ನುವ ಕೊರವ ಅವರಿಗೆ ಕಳ್ಳ. "ಹಿಡೀರಿ, ಆದ್ರೆ ಒಂದೂ ವಾಪಸ್ ಬಿಡಬ್ಯಾಡ್ರಿ" ಅನ್ನೋದು ಅವರ ಷರತ್ತು. ಇಂಗ್ಲಿಷ್ ವಿಡಿಯೋಗಳಲ್ಲಿ ಮೀನಿಗೆ ಮುತ್ತು ಕೊಟ್ಟು ಬಿಡುವವರಿಗೆ ಈ ಪರಿಸ್ಥಿತಿ ಅರ್ಥವಾಗಲ್ಲ. ಕೊನೆಗೆ ಒಪ್ಪಂದ ಹೀಗಾಯಿತು: ಸಿಕ್ಕ ಕೊರವ ಅವರ ನೀರಿನ ಡ್ರಮ್ಮಿಗೆ. ಗಾಳಿ ಕುಡಿಯುವ ಮೀನಾದ್ದರಿಂದ ಜೀವಂತವಾಗಿ ಸಂತೆಗೆ ಹೋಗುತ್ತೆ, ಒಳ್ಳೆ ಬೆಲೆ. ತಿಂಗಳಿಗೊಂದು ನಮ್ಮ ಮನೆಗೆ.

ಮಾವ ಸೇರಿಸಿದ ಷರತ್ತೂ ಒಂದಿದೆ. ಮಳೆ ಶುರುವಾದ ಮೇಲೆ ಕೊರವ ಮರಿ ಮಾಡುತ್ತೆ. ಕೆಂಪು ಕಿತ್ತಳೆ ಬಣ್ಣದ ಸಾವಿರಾರು ಮರಿಗಳು ಒಂದು ಉಂಡೆಯ ಹಾಗೆ ನೀರಿನ ಮೇಲೆ ಬಂದು ಬಂದು ಹೋಗುತ್ತವೆ, ಕೆಳಗೆ ತಂದೆತಾಯಿ ಕಾವಲು. ಆ ಉಂಡೆಯ ಮೇಲೆ ಏನು ಎಸೆದರೂ ಕೊರವ ಮೇಲೆರಗುತ್ತೆ, ಹಸಿವಿಗಲ್ಲ, ಮರಿಗಳ ಮೇಲಿನ ಸಿಟ್ಟಿಗೆ. ಗಾಳದವರಿಗೆ ಇಷ್ಟು ಸುಲಭದ ಬೇಟೆ ಇನ್ನೊಂದಿಲ್ಲ. ಕಾವಲು ಹೋದರೆ ಮರಿಗಳನ್ನು ಬೇರೆ ಮೀನುಗಳೇ ಮುಗಿಸುತ್ತವೆ. "ಮರಿ ಕಾಯೋದಕ್ಕೆ ಗಾಳ ಹಾಕಂಗಿಲ್ಲ" ಅಂತ ಮಾವ ಕಡ್ಡಿ ಮಡಚಿಬಿಟ್ಟರು. ಗುತ್ತಿಗೆದಾರರು ಗೊಣಗಿದರು. ಅವರ ಲೆಕ್ಕದಲ್ಲಿ ಆ ಮರಿಗಳೆಲ್ಲ ನಾಳೆಯ ಕಳ್ಳರು. ಆದರೆ ಮಾವನಿಗೆ ಎದುರು ಹೇಳಲಿಲ್ಲ, ಊರಲ್ಲಿ ಅವರ ಮಾತಿಗೆ ಇನ್ನೂ ಬೆಲೆ ಇದೆ.

ಹೈದರಾಬಾದಿನಲ್ಲಿ ಮೃಗಶಿರ ಕಾರ್ತೆಯ ದಿನ ಆಸ್ತಮಾದವರಿಗೆ ಜೀವಂತ ಮೀನಿನ ಮರಿಯ ಬಾಯಿಗೆ ಔಷಧಿ ಇಟ್ಟು ನುಂಗಿಸುತ್ತಾರಲ್ಲ, ಅದೂ ಇದೇ ಕೊರವನ ಮರಿ. ತೆಲಂಗಾಣಕ್ಕೆ ಇದು ರಾಜ್ಯದ ಮೀನು ಕೂಡ. ಗಡಿ ದಾಟಿದರೆ ಗೌರವ, ಈಚೆ ಕಳ್ಳನ ಪಟ್ಟ.

ಮಾವ ಗ್ಲಾಸ್ ಕಡ್ಡಿಯಲ್ಲಿ ಮೊದಲ ಕೊರವ ಹಿಡಿದದ್ದು ಹೋದ ಫೆಬ್ರವರಿಯಲ್ಲಿ. ಎಡಗೈಯಲ್ಲಿ ಬೀಸಿದರು. ದಾರವನ್ನು ಕಡ್ಡಿ ಹಿಡಿದ ಕೈಯ ತೋರುಬೆರಳಿನ ಕೆಳಗೆ ಸಿಕ್ಕಿಸಿಕೊಂಡು, ಬಲಗೈಯಲ್ಲಿ ಗೇಣು ಗೇಣಾಗಿ ಎಳೆಯುತ್ತಾ ಬಂದರು. ಫಿಸಿಯೋಥೆರಪಿಗೆ ಕೊಟ್ಟ ಸ್ಪಂಜಿನ ಚೆಂಡನ್ನು ಅವರು ದಿನಕ್ಕೆ ಹತ್ತು ಸಲ ಹಿಸುಕಿದರೆ ಹೆಚ್ಚು. ಈ ದಾರವನ್ನು ಮಾತ್ರ ಬೆಳಗಿನಿಂದ ನೂರಾರು ಸಲ ಎಳೆದಿದ್ದರು. ಬಲಗೈ ನಿಧಾನವಾದ್ದರಿಂದ ಕಪ್ಪೆಯೂ ನಿಧಾನ. ಎಳೆ, ನಿಲ್ಲು, ಎಳೆ, ನಿಲ್ಲು. ನನ್ನ ಕಪ್ಪೆಗಿಂತ ಅವರದ್ದು ನಿಜವಾದ ಕಪ್ಪೆಯ ಹಾಗೆ ಕಾಣುತ್ತಿತ್ತು. ನೀರು ಒಡೆಯಿತು. ಬಲಗೈಯಲ್ಲಿ ಜೋರಾಗಿ ಎಳೆಯೋಕೆ ಆಗದೆ, ದಾರವನ್ನು ಬೆರಳಡಿ ಬಿಗಿ ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ನಡೆದುಬಿಟ್ಟರು. ಕೊಕ್ಕೆ ನಾಟಿತು. ಕಡ್ಡಿ ಹಿಡಿಯ ತನಕ ಬಾಗಿತು. ಕೊಡ್ಲಾ ಅಂತ ನಾನು ಕೈ ಚಾಚಿದೆ. "ಬಿಡಪ್ಪ ನೀನು, ದೂರ ನಿಂತ್ಕ" ಅಂದರು.

ಎರಡು ಕೆಜಿಗೆ ಸ್ವಲ್ಪ ಕಡಿಮೆ ಇತ್ತು. ಡ್ರಮ್ಮಿಗೆ ಹೋಯಿತು.

ಹಿಂದಕ್ಕೆ ನಡೆದು ನಾಟಿಸುವ ಈ ಉಪಾಯ ಯಾವ ವಿಡಿಯೋದಲ್ಲೂ ನಾನು ನೋಡಿರಲಿಲ್ಲ. ದಡ ಸಮತಟ್ಟಾಗಿದ್ದರೆ ನಾನೂ ಈಗ ಹಾಗೇ ಮಾಡುತ್ತೇನೆ. ಹಿಂದೆ ಏನಿದೆ ಅಂತ ಮೊದಲೇ ನೋಡಿಕೊಂಡಿರಬೇಕು ಅಷ್ಟೆ, ಜಾಲಿ ಮುಳ್ಳು ಚಪ್ಪಲಿ ದಾಟಿ ಬರುತ್ತೆ.

ಈಗ ಮರಿಗಳ ಕಾಲ, ಗಾಳಿಯೂ ಶುರುವಾಗಿದೆ. ಪಿವಿಸಿ ಪೈಪು ಮಾವನ ಮನೆಯ ಅಟ್ಟದಲ್ಲಿದೆ. ಆದರೆ ಅವರು ವಾರಕ್ಕೆ ಎರಡು ಸಲ ಅದನ್ನು ಇಳಿಸಿ, ತುದಿಗೆ ಉಣ್ಣೆ ಕಟ್ಟಿ, ಸಂಜೆ ಕಣದಲ್ಲಿ ಬೀಸುತ್ತಾರಂತೆ. ಬೀದಿನಾಯಿಯೊಂದು ಆ ಉಣ್ಣೆಯ ಹಿಂದೆ ಓಡೋದನ್ನು ಅಭ್ಯಾಸ ಮಾಡಿಕೊಂಡಿದೆ. ಮೊನ್ನೆ ರಾತ್ರಿ ಫೋನ್ ಮಾಡಿ, ಹೊಸಪೇಟೆ ಕಡೆ ಹಿನ್ನೀರಿನಲ್ಲಿ ಬಾಳೆ ಮೀನು ದೊಡ್ಡ ದೊಡ್ಡವು ಇದ್ದಾವಂತೆ, ಅದಕ್ಕೆ ಎಷ್ಟನೇ ನಂಬರಿನ ಕಡ್ಡಿ ಬೇಕಾಗುತ್ತೆ ಅಂತ ಕೇಳಿದರು. ಹತ್ತು ಬೇಕಾಗಬಹುದು, ಅದಕ್ಕೆ ಕಾರ್ಬನ್ನೇ ಸರಿ ಮಾವ ಅಂದೆ. "ಗಾಜಿಂದು ಸಿಗಂಗಿಲ್ಲೇನು ಅದ್ರಾಗೆ?" ಅಂದರು. ಸಿಗುತ್ತೆ, ಭಾರ ಜಾಸ್ತಿ ಅಂದೆ. "ಭಾರ ನಾನು ನೋಡ್ಕಂತೀನಿ, ನೀನು ಎಷ್ಟಾಗ್ತೈತೆ ಅಂತ ವಿಚಾರ್ಸು" ಅಂದು ಫೋನ್ ಇಟ್ಟರು.